ಉದಾಸೀನದ ನುಡಿಗಟ್ಟಿನಲ್ಲಿ ನಿಷೇಧದ ನೆಲೆ: ಇಂಗ್ಲಿಷಿನ ‘ಕುಡಂಟ್ ಕೇರ್ ಲೆಸ್’ ಮತ್ತು ಕನ್ನಡದ ಸಂವಾದಿ ರೂಪಗಳು

ಸಾರಾಂಶ: ಇಂಗ್ಲಿಷಿನಲ್ಲಿ ಪೂರ್ಣ ಉದಾಸೀನವನ್ನು ಸೂಚಿಸುವ ‘ಕುಡಂಟ್ ಕೇರ್ ಲೆಸ್’ ಎಂಬ ನುಡಿಗಟ್ಟಿಗೆ ನಿಷೇಧರೂಪವಿಲ್ಲದ ‘ಕುಡ್ ಕೇರ್ ಲೆಸ್’ ಎಂಬ ಪರ್ಯಾಯವೂ ಇದೆ. ಅಮೆರಿಕದ ಆಡುಮಾತಿನಲ್ಲಿ ಇವೆರಡಕ್ಕೂ ಒಂದೇ ಅರ್ಥ. ಈ ನುಡಿಗಟ್ಟು ವಾಕ್ಯಗಳಲ್ಲಿ ಹೇಗೆ ವರ್ತಿಸುತ್ತದೆ, ನಿಷೇಧಪದ ಬಿದ್ದುಹೋದ ಮೇಲೂ ನಿಷೇಧಾರ್ಥ ಹೇಗೆ ಉಳಿಯುತ್ತದೆ ಎಂಬುದನ್ನು ಪ್ರಸ್ತುತ ಲೇಖನ ವಿವರಿಸುತ್ತದೆ. ಪರ್ಯಾಯ ರೂಪವನ್ನು ತರ್ಕದೋಷವೆಂದಾಗಲಿ ವ್ಯಂಗ್ಯೋಕ್ತಿಯೆಂದಾಗಲಿ ಕರೆದರೆ ಸಾಲದು, ನಿಷೇಧಾರ್ಥವು ಇಡೀ ರಚನೆಗೆ ರೂಢಿಯಿಂದ ಅಂಟಿಕೊಂಡಿದೆ ಎಂಬುದು ನಮ್ಮ ವಾದ. ಕನ್ನಡದ ‘ಸೊಪ್ಪು ಹಾಕು’, ‘ಕ್ಯಾರೇ ಎನ್ನು’, ‘ಡೋಂಟ್ ಕೇರ್’ ಎಂಬ ರೂಪಗಳ ಹೋಲಿಕೆಯಿಂದ ಈ ವಾದಕ್ಕೆ ಆಧಾರ ಒದಗುತ್ತದೆ.

ಪ್ರಮುಖ ಪದಗಳು: ನುಡಿಗಟ್ಟು, ನಿಷೇಧ, ನಿಷೇಧಾಪೇಕ್ಷಿ ಪದ, ತರತಮ ರೂಪ, ರೂಢಿ ಲಕ್ಷಣೆ, ಸಮಾಪಕ ಕ್ರಿಯೆ

1. ಪ್ರವೇಶ

ಒಂದು ವಾಕ್ಯಕ್ಕೆ ನಿಷೇಧಪದವನ್ನು ಸೇರಿಸಿದರೆ ಅದರ ಅರ್ಥ ತಿರುಗಬೇಕು, ತೆಗೆದರೆ ಮತ್ತೆ ಮೊದಲಿನಂತಾಗಬೇಕು. ವ್ಯಾಕರಣದ ಮೊದಲ ಪಾಠಗಳಲ್ಲಿ ನಾವು ಕಲಿಯುವ ಈ ನಿಯಮವನ್ನು ಇಂಗ್ಲಿಷಿನ ಒಂದು ಸಾಮಾನ್ಯ ನುಡಿಗಟ್ಟು ಲಕ್ಷಿಸುವುದೇ ಇಲ್ಲ. ‘ಐ ಕುಡಂಟ್ ಕೇರ್ ಲೆಸ್’ ಎಂದರೂ ‘ಐ ಕುಡ್ ಕೇರ್ ಲೆಸ್’ ಎಂದರೂ ಅಮೆರಿಕದ ಬಹುಮಂದಿ ಭಾಷಿಕರಿಗೆ ತಿಳಿಯುವುದು ಒಂದೇ ಸಂಗತಿ: ಮಾತನಾಡುವವರಿಗೆ ಆ ವಿಷಯದಲ್ಲಿ ಕಿಂಚಿತ್ತೂ ಆಸ್ಥೆಯಿಲ್ಲ.

ಮೊದಲ ರೂಪ 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದು, ಎರಡನೆಯ ಮಹಾಯುದ್ಧದ ಹೊತ್ತಿಗೆ ಜನಜನಿತವಾಗಿತ್ತು. ಯುದ್ಧಕಾಲದ ವಿಮಾನ ಸಾಗಣೆಯ ದಳದಲ್ಲಿದ್ದ ಆಂಟನಿ ಫೆಲ್ಪ್ಸ್ ಅವರು 1946ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕಕ್ಕೆ ಈ ನುಡಿಗಟ್ಟನ್ನೇ ಶೀರ್ಷಿಕೆಯಾಗಿ ಇಟ್ಟಿದ್ದರು. ನಿಷೇಧವಿಲ್ಲದ ರೂಪ ಆ ಶತಮಾನದ ಮಧ್ಯಭಾಗದ ನಂತರ ಅಮೆರಿಕದ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಅಂದಿನಿಂದಲೂ ಭಾಷಾಶುದ್ಧಿಯ ಪಕ್ಷಪಾತಿಗಳು ಅದನ್ನು ಅಜ್ಞಾನದ ಗುರುತೆಂದು ಹಳಿಯುತ್ತ ಬಂದಿದ್ದಾರೆ. ‘ಇನ್ನೂ ಕಡಿಮೆ ಆಸ್ಥೆ ಸಾಧ್ಯ ಎಂದ ಮೇಲೆ ಈಗ ಸ್ವಲ್ಪವಾದರೂ ಆಸ್ಥೆ ಇದೆ ಎಂದೇ ಆಯಿತಲ್ಲ’ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪದಲ್ಲಿ ಬಿಡಿಪದಗಳ ಲೆಕ್ಕವಷ್ಟೇ ಇದೆ. ಭಾಷಾವಿಜ್ಞಾನಕ್ಕೆ ಮುಖ್ಯವಾಗುವ ಪ್ರಶ್ನೆ ಬೇರೆ: ವಾಕ್ಯದಲ್ಲಿ ನಿಷೇಧಪದ ಕಾಣದಿರುವಾಗ ನಿಷೇಧಾರ್ಥ ಎಲ್ಲಿ ನೆಲೆಸಿರುತ್ತದೆ? ಇಂಗ್ಲಿಷ್ ಕಲಿಸುವವರು, ಅನುವಾದಕರು ಮತ್ತು ನಿಘಂಟುಕಾರರು ಈ ಪ್ರಶ್ನೆಗೆ ಒಂದು ಉತ್ತರವನ್ನು ಇಟ್ಟುಕೊಂಡೇ ಕೆಲಸ ಮಾಡಬೇಕಾಗುತ್ತದೆ. ಮುಂದಿನ ಇಂಗ್ಲಿಷ್ ಉದಾಹರಣೆಗಳನ್ನು ವಿವರಣೆಗಾಗಿ ನಾವೇ ರಚಿಸಿದ್ದೇವೆ.

2. ವಾಕ್ಯದಲ್ಲಿ ನುಡಿಗಟ್ಟಿನ ವರ್ತನೆ

ಮೊದಲು ನಿಷೇಧಸಹಿತ ರೂಪದ ಬಳಕೆಯನ್ನು ನೋಡೋಣ.

(1) ಐ ಕುಡಂಟ್ ಕೇರ್ ಲೆಸ್.
‘ನನಗೆ ಅದರ ಗೊಡವೆಯೇ ಇಲ್ಲ.’

(2) ಶಿ ಕುಡಂಟ್ ಕೇರ್ ಲೆಸ್ ಅಬೌಟ್ ಕ್ರಿಕೆಟ್.
‘ಅವಳಿಗೆ ಕ್ರಿಕೆಟ್ ಎಂದರೆ ಎಳ್ಳಷ್ಟೂ ಆಸಕ್ತಿಯಿಲ್ಲ.’

(3) ದೇ ಕುಡಂಟ್ ಕೇರ್ ಲೆಸ್ ವಾಟ್ ದ ನೇಬರ್ಸ್ ಥಿಂಕ್.
‘ನೆರೆಹೊರೆಯವರು ಏನೆಂದುಕೊಂಡರೂ ಅವರು ಲೆಕ್ಕಿಸುವವರಲ್ಲ.’

(4) ಹಿ ಕುಡಂಟ್ ಕೇರ್ ಲೆಸ್ ಇಫ್ ಇಟ್ ರೇನ್ಸ್.
‘ಮಳೆ ಬಂದರೂ ಬಾರದಿದ್ದರೂ ಅವನಿಗೆ ಒಂದೇ.’

(5) ಹಿ ಕುಡಂಟ್ ಹ್ಯಾವ್ ಕೇರ್ಡ್ ಲೆಸ್ ಅಬೌಟ್ ದ ಪ್ರೈಜ್.
‘ಬಹುಮಾನದ ವಿಷಯದಲ್ಲಿ ಅವನು ತೀರ ನಿರ್ಲಿಪ್ತನಾಗಿದ್ದ.’

ಈ ನುಡಿಗಟ್ಟು (1)ರಲ್ಲಿ ಪೂರಕವಿಲ್ಲದೆ ನಿಂತಿದೆ. (2)ರಲ್ಲಿ ‘ಅಬೌಟ್’ ಎಂಬ ಉಪಸರ್ಗದ ಮೂಲಕ ನಾಮಪದವನ್ನು, (3)ರಲ್ಲಿ ಪ್ರಶ್ನಾರ್ಥಕ ಉಪವಾಕ್ಯವನ್ನು, (4)ರಲ್ಲಿ ‘ಇಫ್’ ಉಪವಾಕ್ಯವನ್ನು ಪೂರಕವಾಗಿ ಪಡೆದಿದೆ. ‘ಕುಡ್’ ರೂಪದಲ್ಲಿ ಭೂತಕಾಲದ್ದಾದರೂ ಇಲ್ಲಿ ಅದು ಸೂಚಿಸುವುದು ಊಹಿತ ಸಾಧ್ಯತೆಯನ್ನು, ‘ಪ್ರಯತ್ನಿಸಿದರೂ ಆಗದು’ ಎಂಬ ಛಾಯೆಯನ್ನು. ಆದ್ದರಿಂದಲೇ ಸ್ವತಂತ್ರ ವಾಕ್ಯದಲ್ಲಿ ಗತಕಾಲದ ಉದಾಸೀನವನ್ನು ಹೇಳಲು (5)ರಲ್ಲಿರುವಂತೆ ‘ಹ್ಯಾವ್’ ಸೇರಿಸುವುದು ವಾಡಿಕೆ. ‘ಕುಡಂಟ್’ ಬದಲು ‘ಕಾಂಟ್’ ಎಂದರೆ ನುಡಿಗಟ್ಟಿನ ಕಟ್ಟು ಸಡಿಲವಾಗುತ್ತದೆ.

ಕರ್ತೃಸ್ಥಾನದಲ್ಲಿ ಸಾಮಾನ್ಯವಾಗಿ ಬರುವುದು ಮನುಷ್ಯವಾಚಕ ಅಥವಾ ಮನುಷ್ಯರ ಸಂಸ್ಥೆಗಳನ್ನು ಹೇಳುವ ನಾಮಪದ. ಅಚೇತನ ವಸ್ತು ಬಂದಾಗ ಚೇತನತ್ವದ ಆರೋಪ ನಡೆಯುತ್ತದೆ:

(6) ದ ರಿವರ್ ಕುಡಂಟ್ ಕೇರ್ ಲೆಸ್ ಅಬೌಟ್ ಅವರ್ ಬೌಂಡರೀಸ್.
‘ನಮ್ಮ ಗಡಿಗಳು ನದಿಗೆ ಯಾವ ಲೆಕ್ಕ?’

ಬಳಕೆಯ ಔಚಿತ್ಯವೂ ಅರ್ಥದ ಭಾಗವೇ. ಕಾಫಿ ಬೇಕೋ ಚಹಾ ಬೇಕೋ ಎಂದು ಕೇಳಿದವರಿಗೆ ‘ಐ ಡೋಂಟ್ ಮೈಂಡ್’ ಎಂದರೆ ‘ಯಾವುದಾದರೂ ಆದೀತು’ ಎಂಬ ಸೌಜನ್ಯದ ಉತ್ತರವಾಗುತ್ತದೆ. ಅದೇ ಪ್ರಶ್ನೆಗೆ (1)ನ್ನು ಉತ್ತರವಾಗಿ ಕೊಟ್ಟರೆ ಆತಿಥೇಯರನ್ನು ಅವಮಾನಿಸಿದಂತೆ. ‘ಮೈಂಡ್’ ಎಂಬುದರ ನಿಷೇಧ ಆಕ್ಷೇಪವನ್ನು ಅಲ್ಲಗಳೆಯುತ್ತದೆ, ‘ಕೇರ್’ ಎಂಬುದರ ನಿಷೇಧ ಆಸ್ಥೆಯನ್ನು ಅಲ್ಲಗಳೆಯುತ್ತದೆ. ಎರಡನ್ನೂ ‘ಪರವಾಗಿಲ್ಲ’ ಎಂಬ ಒಂದೇ ಕನ್ನಡ ಪದದಿಂದ ಕಲಿತ ವಿದ್ಯಾರ್ಥಿ ಇಲ್ಲಿ ಎಡವುವುದು ಸಹಜ.

3. ಶ್ರೇಣಿಯ ಕೊನೆಯ ಮೆಟ್ಟಿಲು

ನಿಷೇಧಸಹಿತ ರೂಪದ ಅರ್ಥವನ್ನು ಅದರ ಘಟಕಗಳಿಂದಲೇ ಪಡೆಯಬಹುದು. ಆಸ್ಥೆಯನ್ನು ಮೆಟ್ಟಿಲುಗಳಿರುವ ಒಂದು ಶ್ರೇಣಿಯೆಂದು ಭಾವಿಸೋಣ. ‘ಲೆಸ್’ ಎಂಬ ತರತಮ ರೂಪ ಈಗಿರುವ ಮೆಟ್ಟಿಲಿಗಿಂತ ಕೆಳಗಿನದನ್ನು ತೋರಿಸುತ್ತದೆ. ‘ಕುಡ್’ ಅಂಥ ಮೆಟ್ಟಿಲಿನ ಸಾಧ್ಯತೆಯನ್ನು ಹೇಳುತ್ತದೆ. ನಿಷೇಧ ಆ ಸಾಧ್ಯತೆಯನ್ನು ತಳ್ಳಿಹಾಕುತ್ತದೆ. ಕೆಳಗೆ ಬೇರೆ ಮೆಟ್ಟಿಲಿಲ್ಲವೆಂದ ಮೇಲೆ ನಾವು ನಿಂತಿರುವುದೇ ಕೊನೆಯ ಮೆಟ್ಟಿಲು, ಅದು ಶೂನ್ಯ. ಕಟ್ಟುನಿಟ್ಟಿನ ತರ್ಕದಲ್ಲಿ ಕನಿಷ್ಠವೆಂದರೆ ಶೂನ್ಯವೇ ಆಗಬೇಕಿಲ್ಲ, ಆ ಕೊನೆಯ ಹೆಜ್ಜೆಯನ್ನು ಕೇಳುಗ ಲೋಕಜ್ಞಾನದಿಂದ ಇಡುತ್ತಾನೆ. ಶ್ರೇಣಿಯ ಒಂದು ತುದಿಯನ್ನು ನಿಷೇಧಿಸಿ ಇಡೀ ಶ್ರೇಣಿಯ ಮೇಲೆ ಹೇಳಿಕೆ ಮಾಡುವ ಈ ಬಗೆಯನ್ನು ಜಿಲ್ ಫೋಕೋನ್ಯೆ ಅವರು 1975ರಲ್ಲಿ ಸಂದರ್ಭಾರ್ಥದ ಶ್ರೇಣಿಗಳ ಕುರಿತ ತಮ್ಮ ಲೇಖನದಲ್ಲಿ ವಿವರಿಸಿದ್ದರು.

ಇದೇ ಅಚ್ಚಿನಿಂದ ಬಂದ ಬೇರೆ ವಾಕ್ಯಗಳೂ ಇವೆ:

(7) ಐ ಕುಡಂಟ್ ಅಗ್ರೀ ಮೋರ್.
‘ನನ್ನದು ಸಂಪೂರ್ಣ ಸಮ್ಮತಿ.’

(8) ವಿ ಕುಡಂಟ್ ಬಿ ಹ್ಯಾಪಿಯರ್.
‘ನಮಗೆ ಇದಕ್ಕಿಂತ ಸಂತೋಷ ಇನ್ನೇನಿದೆ?’

(9) ದ ಟು ಬ್ರದರ್ಸ್ ಕುಡಂಟ್ ಬಿ ಮೋರ್ ಡಿಫರೆಂಟ್.
‘ಅಣ್ಣತಮ್ಮಂದಿರಿಬ್ಬರೂ ಅಜಗಜಾಂತರ.’

ಸಾಧ್ಯತಾಸೂಚಕ ಸಹಾಯಕ ಕ್ರಿಯೆ, ನಿಷೇಧ, ತರತಮ ರೂಪ ಎಂಬ ಮೂರು ಘಟಕಗಳು ಇವೆಲ್ಲದರಲ್ಲೂ ಇವೆ. ನಮ್ಮ ನುಡಿಗಟ್ಟು ಈ ಕುಟುಂಬದ ಒಬ್ಬ ಸದಸ್ಯ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ವಾದ ಸುಲಭವಾಗುತ್ತದೆ.

4. ನಿಷೇಧ ಬಿದ್ದುಹೋದ ಬಗೆ

(10) ಐ ಕುಡ್ ಕೇರ್ ಲೆಸ್.

ಇದು (1)ರ ಅರ್ಥವನ್ನೇ ಕೊಡುವುದು ಹೇಗೆ ಎಂಬುದಕ್ಕೆ ಮೂರು ವಿವರಣೆಗಳನ್ನು ಪರಿಶೀಲಿಸಬಹುದು.

ಮೊದಲನೆಯದು ಧ್ವನಿಸವೆತ. ವೇಗದ ಉಚ್ಚಾರಣೆಯಲ್ಲಿ ‘ಕುಡಂಟ್’ ಎಂಬುದರ ಕೊನೆಯ ಸ್ಪರ್ಶಧ್ವನಿ ಮುಂದಿನ ಕಕಾರದೆದುರು ಲೋಪವಾಗುತ್ತದೆ. ಉಳಿದ ಅನುನಾಸಿಕ ಒತ್ತಿಲ್ಲದೆ ಕ್ಷೀಣಿಸುತ್ತದೆ. ಕೇಳುಗನಿಗೆ ‘ಕುಡ್’ ಎಂದೇ ಕೇಳಿಸಬಹುದು. ಇದು ಸಂಭವನೀಯ ಕಾರಣವಾದರೂ ಸಾಕಾಗುವ ಕಾರಣವಲ್ಲ. ಸವೆತವೊಂದೇ ಕಾರಣವಾಗಿದ್ದರೆ ಅದು ಇಡೀ ಕುಟುಂಬಕ್ಕೆ ತಗಲಬೇಕಿತ್ತು. ವಾಸ್ತವ ಹಾಗಿಲ್ಲ:

(11) ಐ ಕುಡ್ ಅಗ್ರೀ ಮೋರ್.
(12) ವಿ ಕುಡ್ ಬಿ ಹ್ಯಾಪಿಯರ್.

(11)ಕ್ಕೆ ಸಂಪೂರ್ಣ ಸಮ್ಮತಿ ಎಂಬ ಅರ್ಥ ಬರುವುದಿಲ್ಲ. (12)ರ ಅರ್ಥ ‘ನಮಗೆ ಅಷ್ಟೇನೂ ಸಂತೋಷವಿಲ್ಲ’ ಎಂದು. ಅಂದರೆ ಇಲ್ಲಿ ನಿಷೇಧವನ್ನು ತೆಗೆದಾಗ ಪಾಠದ ನಿಯಮದಂತೆ ಅರ್ಥ ತಿರುಗಿದೆ. ಒಂದೇ ಅಚ್ಚಿನ ವಾಕ್ಯಗಳಲ್ಲಿ ‘ಕೇರ್ ಲೆಸ್’ ಮಾತ್ರ ನಿಷೇಧವನ್ನು ಕಳೆದುಕೊಂಡೂ ಅರ್ಥವನ್ನು ಉಳಿಸಿಕೊಂಡಿದೆ. ಧ್ವನಿನಿಯಮ ಹೀಗೆ ಪದವನ್ನು ಆರಿಸಿಕೊಂಡು ಕೆಲಸ ಮಾಡುವುದಿಲ್ಲ.

ಎರಡನೆಯ ವಿವರಣೆ ವ್ಯಂಗ್ಯ. ಸ್ಟೀವನ್ ಪಿಂಕರ್ ಅವರು 1994ರ ‘ದ ಲ್ಯಾಂಗ್ವೇಜ್ ಇನ್‌ಸ್ಟಿಂಕ್ಟ್’ ಕೃತಿಯಲ್ಲಿ, ಎರಡು ರೂಪಗಳ ಒತ್ತು ಮತ್ತು ಧಾಟಿ ಬೇರೆಬೇರೆ ಎಂಬುದನ್ನು ಗಮನಿಸಿ, ನಿಷೇಧರಹಿತ ರೂಪ ತರ್ಕಹೀನವಲ್ಲ, ಅದು ವ್ಯಂಗ್ಯೋಕ್ತಿ ಎಂದು ಸಮರ್ಥಿಸಿದರು. ಭಾರತೀಯ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಿಪರೀತಲಕ್ಷಣೆ: ಕೆಡುಕು ಮಾಡಿದವನಿಗೆ ‘ದೊಡ್ಡ ಉಪಕಾರ ಮಾಡಿದೆಯಪ್ಪ’ ಎಂದಾಗ ವಾಚ್ಯಾರ್ಥ ಬಾಧಿತವಾಗಿ ವಿರುದ್ಧಾರ್ಥ ಹೊಳೆಯುವಂಥದ್ದು. ಹಳಿಯುವವರ ಎದುರು ಆಡುಮಾತಿನ ಪರ ನಿಂತ ಈ ವಾದದ ಉದ್ದೇಶ ಮೆಚ್ಚತಕ್ಕದ್ದು. ಆದರೆ ಇದಕ್ಕೆ ಎರಡು ತೊಡಕುಗಳಿವೆ.

ವಿಪರೀತಲಕ್ಷಣೆಗೆ ಮೂಲದಲ್ಲಿ ಒಂದು ಪ್ರಾಮಾಣಿಕ ಬಳಕೆ ಬೇಕು. ‘ಉಪಕಾರ ಮಾಡಿದೆ’ ಎಂದು ಜನ ಮನಃಪೂರ್ವಕವಾಗಿ ಹೇಳುವುದುಂಟು, ಆದ್ದರಿಂದಲೇ ಅದನ್ನು ತಿರುಗಿಸಿ ಚುಚ್ಚುವುದಕ್ಕೂ ಆಗುತ್ತದೆ. ‘ನನ್ನ ಆಸ್ಥೆ ಇನ್ನೂ ಕಡಿಮೆಯಾಗಬಹುದಿತ್ತು’ ಎಂದು ಗಂಭೀರವಾಗಿ ಹೇಳಿಕೊಳ್ಳುವ ವಾಡಿಕೆ ಇಂಗ್ಲಿಷಿನಲ್ಲಿ ಇಲ್ಲ. ಇದು ಮೊದಲ ತೊಡಕು. ಇನ್ನು, ವ್ಯಂಗ್ಯ ವಕ್ತೃವಿನ ಧೋರಣೆಯಾದ್ದರಿಂದ ಉಪವಾಕ್ಯದ ಒಳಗೆ ಸದ್ದಿಲ್ಲದೆ ಅಡಗಿ ಕೂರುವುದು ಅದಕ್ಕೆ ಕಷ್ಟ. ಈ ವಾಕ್ಯವನ್ನು ನೋಡಿ:

(13) ದ ಕಂಪನಿ ಹೈರ್ಡ್ ಎ ಮ್ಯಾನೇಜರ್ ಹೂ ಕುಡ್ ಕೇರ್ ಲೆಸ್ ಅಬೌಟ್ ಸೇಫ್ಟಿ.
‘ಸುರಕ್ಷತೆಯ ಪರಿವೆಯೇ ಇಲ್ಲದ ವ್ಯವಸ್ಥಾಪಕನನ್ನು ಕಂಪನಿ ನೇಮಿಸಿಕೊಂಡಿತು.’

ಇದು ಸಾದಾ ನಿರೂಪಣೆ. ಓದುವವರಿಗೆ ಧಾಟಿಯ ನೆರವಿಲ್ಲ, ಚುಚ್ಚುವ ಧ್ವನಿಯೂ ಇಲ್ಲ. ಆದರೂ ವಿರುದ್ಧಾರ್ಥ ತಡೆಯಿಲ್ಲದೆ ತಿಳಿಯುತ್ತದೆ. ಹುಟ್ಟಿನಲ್ಲಿ ವ್ಯಂಗ್ಯದ ಪಾತ್ರ ಇದ್ದಿರಬಹುದಾದರೂ ಇಂದಿನ ಬಳಕೆಗೆ ಅದು ಅಗತ್ಯವಲ್ಲ ಎಂಬುದನ್ನು (13) ತೋರಿಸುತ್ತದೆ.

ಮೂರನೆಯ ವಿವರಣೆ, ನಾವು ಒಪ್ಪುವಂಥದ್ದು, ರೂಢಿ. ಮಮ್ಮಟನ ‘ಕಾವ್ಯಪ್ರಕಾಶ’ ಲಕ್ಷಣೆಯನ್ನು ರೂಢಿಮೂಲ ಮತ್ತು ಪ್ರಯೋಜನಮೂಲ ಎಂದು ವಿಂಗಡಿಸುತ್ತದೆ. ದರ್ಭೆ ಕೊಯ್ಯುವವನು ಎಂಬ ವ್ಯುತ್ಪತ್ತಿಯ ‘ಕುಶಲ’ ಶಬ್ದ ‘ನಿಪುಣ’ ಎಂಬ ಅರ್ಥದಲ್ಲಿ ನೆಲೆಗೊಂಡಿರುವುದು ರೂಢಿಯ ಉದಾಹರಣೆ. ಆ ಪದವನ್ನು ಕೇಳಿದಾಗ ಯಾರೂ ದರ್ಭೆಯನ್ನು ನೆನೆಯುವುದಿಲ್ಲ. (10)ನ್ನು ಕೇಳಿದಾಗಲೂ ಯಾರೂ ಮೆಟ್ಟಿಲುಗಳನ್ನು ಎಣಿಸುವುದಿಲ್ಲ. ಪ್ರಯೋಜನಮೂಲವಾಗಿ ಹುಟ್ಟಿದ್ದು ಬಳಸಿ ಬಳಸಿ ರೂಢಿಮೂಲವಾಗಿದೆ, ನಿಷೇಧಾರ್ಥ ಇಡೀ ರಚನೆಗೆ ಅಂಟಿಕೊಂಡಿದೆ.

ಇದಕ್ಕೆ ಇಂಗ್ಲಿಷಿನೊಳಗೇ ಎರಡು ಆಧಾರಗಳಿವೆ. ಮೊದಲನೆಯದಾಗಿ, ನಿಷೇಧವಿಲ್ಲದ ಈ ರೂಪ ತನ್ನ ತರತಮ ಕುಟುಂಬಕ್ಕೆ ಹರಡದೆ ಉದಾಸೀನಾರ್ಥದ ಬೇರೊಂದು ನುಡಿಗಟ್ಟಿಗೆ ಹರಡಿದೆ:

(14) ಐ ಕುಡ್ ಗಿವ್ ಎ ಡ್ಯಾಮ್.

ಅಮೆರಿಕದ ಆಡುಮಾತಿನಲ್ಲಿ ಇದನ್ನು ‘ನಾನು ಕವಡೆ ಕಾಸಿನ ಬೆಲೆಯನ್ನೂ ಕೊಡುವುದಿಲ್ಲ’ ಎಂಬ ಅರ್ಥದಲ್ಲಿ ಬಳಸುವುದುಂಟು. ಇಲ್ಲಿ ‘ಲೆಸ್’ ಇಲ್ಲ, ತರತಮ ಭಾವವೂ ಇಲ್ಲ. ರೂಪಸಾಮ್ಯದ ಬದಲು ಅರ್ಥಸಾಮ್ಯವನ್ನು ಹಿಡಿದು ಹರಡಿರುವುದರಿಂದ, ‘ಕುಡ್’ ಜೊತೆಗಿನ ಉದಾಸೀನದ ನುಡಿ ಎಂಬುದೇ ನಿಷೇಧಾರ್ಥದ ವಾಹಕವಾಗಿದೆ ಎನ್ನಬಹುದು. ಎರಡನೆಯದಾಗಿ, ‘ಪಾಸಿಬ್ಲಿ’ ಎಂಬ ಕ್ರಿಯಾವಿಶೇಷಣದ ಪರೀಕ್ಷೆ. ‘ಐ ಕುಡಂಟ್ ಪಾಸಿಬ್ಲಿ ಕೇರ್ ಲೆಸ್’ ಎಂಬುದು ಸಹಜ. ‘ಐ ಕುಡ್ ಪಾಸಿಬ್ಲಿ ಕೇರ್ ಲೆಸ್’ ಎಂದೊಡನೆ ನುಡಿಗಟ್ಟು ಒಡೆದು ವಾಚ್ಯಾರ್ಥಕ್ಕೆ ಇಳಿಯುತ್ತದೆ. ಮೊದಲ ರೂಪದ ಅಂಗಗಳು ಇನ್ನೂ ಬಿಡಿಬಿಡಿಯಾಗಿ ಚಲಿಸಬಲ್ಲವು. ಎರಡನೆಯದು ಹೆಪ್ಪುಗಟ್ಟಿದೆ.

ಹೀಗೆ ನಿಷೇಧ ಒಂದು ಪದದಿಂದ ಇನ್ನೊಂದಕ್ಕೆ ವಲಸೆ ಹೋಗುವುದು ಭಾಷೆಗಳ ಚರಿತ್ರೆಯಲ್ಲಿ ಹೊಸದಲ್ಲ. ಓಟೋ ಯೆಸ್ಪರ್ಸೆನ್ ಅವರು 1917ರ ತಮ್ಮ ನಿಷೇಧಾಧ್ಯಯನದಲ್ಲಿ ಇಂಥ ಚಲನೆಯನ್ನು ಗುರುತಿಸಿದ್ದರು. ಫ್ರೆಂಚಿನ ‘ಪಾ’ ಮೂಲತಃ ‘ಹೆಜ್ಜೆ’ ಎಂಬರ್ಥದ ನಾಮಪದ. ‘ನ’ ಎಂಬ ನಿಷೇಧಪದಕ್ಕೆ ಒತ್ತು ಕೊಡಲು ಬಂದ ಅದು ಇಂದಿನ ಆಡುಮಾತಿನಲ್ಲಿ ‘ನ’ ಇಲ್ಲದೆಯೂ ನಿಷೇಧವನ್ನು ಹೊರುತ್ತದೆ. ಅಮೆರಿಕದ ಇಂಗ್ಲಿಷಿನಲ್ಲಿ ‘ಹಿ ಡಸಂಟ್ ನೋ ಸ್ಕ್ವಾಟ್’, ‘ಹಿ ನೋಸ್ ಸ್ಕ್ವಾಟ್’ ಎರಡಕ್ಕೂ ‘ಅವನಿಗೆ ಏನೂ ಗೊತ್ತಿಲ್ಲ’ ಎಂದೇ ಅರ್ಥ. ನಿಷೇಧದ ನೆರಳಲ್ಲಿ ಬಹುಕಾಲ ಬದುಕಿದ ಪದ ಕ್ರಮೇಣ ತಾನೇ ನಿಷೇಧವಾಗುತ್ತದೆ. ‘ಕೇರ್’ ಅಂಥ ನೆರಳಲ್ಲಿ ಬೆಳೆದ ಕ್ರಿಯಾಪದ: ‘ಐ ಡೋಂಟ್ ಕೇರ್’ ಮತ್ತು ‘ಹೂ ಕೇರ್ಸ್’ ಎಂಬ ನಿತ್ಯದ ಮಾತುಗಳು ಅದಕ್ಕೆ ಸಾಕ್ಷಿ.

5. ಕನ್ನಡದಲ್ಲಿ ಉದಾಸೀನ: ನಿಷೇಧ ಬೀಳದಿರುವುದೇಕೆ?

ಇಂಗ್ಲಿಷಿನಲ್ಲಿ ನಡೆದದ್ದು ಕನ್ನಡದಲ್ಲೂ ನಡೆಯಬಹುದೇ? ಉದಾಸೀನವನ್ನು ಹೇಳುವ ನಮ್ಮ ರೂಪಗಳನ್ನು ನೋಡಿದರೆ ಒಂದು ಸ್ಪಷ್ಟ ವ್ಯತ್ಯಾಸ ಕಾಣುತ್ತದೆ.

(15) ಅವನು ಯಾರ ಮಾತಿಗೂ ಸೊಪ್ಪು ಹಾಕುವುದಿಲ್ಲ.
(16) ಅಧಿಕಾರಿಗಳು ದೂರಿಗೆ ಕ್ಯಾರೇ ಎನ್ನಲಿಲ್ಲ.
(17) ಆ ಬೆದರಿಕೆಗೆ ಆಕೆ ಕವಡೆ ಕಾಸಿನ ಕಿಮ್ಮತ್ತನ್ನೂ ಕೊಡಲಿಲ್ಲ.

(17) ಕನಿಷ್ಠ ಪರಿಮಾಣವನ್ನು ಹೆಸರಿಸಿ ನಿಷೇಧಿಸುವ ಬಗೆ, ‘ಎಳ್ಳಷ್ಟೂ’, ‘ಲವಲೇಶವೂ’ ಎಂಬವೂ ಇದೇ ಸಾಲಿನವು. ಇಲ್ಲಿನ ‘ಊ’ ನಿಪಾತ ಶ್ರೇಣಿಯ ಕೆಳತುದಿಯನ್ನು ಬೆರಳಿಟ್ಟು ತೋರಿಸುತ್ತದೆ. ಇಂಗ್ಲಿಷ್ ‘ಲೆಸ್’ ಎಂಬ ತರತಮ ರೂಪದಿಂದ ಮಾಡುವ ಕೆಲಸವನ್ನು ಕನ್ನಡ ಈ ನಿಪಾತದಿಂದ ಮಾಡುತ್ತದೆ. (15) ಮತ್ತು (16)ರಲ್ಲಿ ಇರುವುದು ನಿಷೇಧಾಪೇಕ್ಷಿ ನುಡಿಗಟ್ಟುಗಳು, ಅಂದರೆ ನಿಷೇಧದ ಆಶ್ರಯವಿಲ್ಲದೆ ನಿಲ್ಲಲಾರದವು. ‘ಆಡಿಗೆ ಸೊಪ್ಪು ಹಾಕಿದ’ ಎಂದರೆ ಮೇವು ಕೊಟ್ಟ ಎಂದಷ್ಟೇ ಅರ್ಥ, ‘ಮಾತಿಗೆ ಸೊಪ್ಪು ಹಾಕಿದ’ ಎಂಬುದಕ್ಕೆ ಬಳಕೆಯಿಲ್ಲ. ‘ಕ್ಯಾರೇ’ ರೂಪದ ಮೂಲ ಏನೇ ಇರಲಿ, ‘ಎನ್ನು’ ಧಾತುವಿನ ಎದುರು ಅದು ಉದ್ಧೃತ ಮಾತಿನಂತೆ ನಿಂತು ‘ಎನ್ನಲಿಲ್ಲ’, ‘ಎನ್ನದೆ’, ‘ಎನ್ನದ’ ಎಂಬ ನಿಷೇಧರೂಪಗಳ ಜೊತೆಯೇ ಬರುತ್ತದೆ. ನಿಷೇಧಕ್ಕೆ ಬದಲಾಗಿ ಆಶ್ರಯ ಕೊಡಬಲ್ಲದ್ದೆಂದರೆ ಉತ್ತರವನ್ನು ನಿರೀಕ್ಷಿಸದ ಪ್ರಶ್ನೆ: ‘ಅವನು ನಮ್ಮ ಮಾತಿಗೆ ಸೊಪ್ಪು ಹಾಕುತ್ತಾನೆಯೇ?’

ಹಾಗಿದ್ದರೆ ‘ಸ್ಕ್ವಾಟ್’ ಅಥವಾ ‘ಕೇರ್ ಲೆಸ್’ ಹಾದಿಯಲ್ಲಿ ‘ಸೊಪ್ಪು ಹಾಕು’ ಏಕೆ ಸಾಗಲಿಲ್ಲ? ಕಾರಣ ಕನ್ನಡದ ವಾಕ್ಯರಚನೆಯಲ್ಲಿದೆ. ‘ಕುಡಂಟ್’ ಎಂಬುದರಿಂದ ನಿಷೇಧಾಂಶವನ್ನು ಕಳಚಿದರೆ ಉಳಿಯುವ ‘ಕುಡ್’ ಸಮಾಪಕ ರೂಪವೇ, ವಾಕ್ಯ ಕುಸಿಯುವುದಿಲ್ಲ. ‘ಹಾಕಲಿಲ್ಲ’ ಎಂಬುದರಿಂದ ‘ಇಲ್ಲ’ವನ್ನು ಕಳಚಿದರೆ ಉಳಿಯುವುದು ಭಾವರೂಪ ಮಾತ್ರ, ‘ಹಾಕುವುದಿಲ್ಲ’ ಎಂಬುದರಿಂದ ಕಳಚಿದರೆ ಉಳಿಯುವುದು ‘ಹಾಕುವುದು’ ಎಂಬ ಕೃದಂತ. ಎರಡೂ ಉದ್ದಿಷ್ಟ ವಾಕ್ಯವನ್ನು ಪೂರ್ಣಗೊಳಿಸಲಾರವು. ದ್ರಾವಿಡ ಭಾಷೆಗಳಲ್ಲಿ ನಿಷೇಧಕ್ಕೂ ಸಮಾಪಕತ್ವಕ್ಕೂ ಇರುವ ಈ ನಂಟನ್ನು ಆರ್. ಅಮೃತವಲ್ಲಿ ಮತ್ತು ಕೆ. ಎ. ಜಯಶೀಲನ್ ಅವರು 2005ರ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ಕನ್ನಡದ ‘ಇಲ್ಲ’ ವಾಕ್ಯಕ್ಕೆ ನಿಷೇಧವನ್ನಷ್ಟೇ ಅಲ್ಲದೆ ಮುಕ್ತಾಯವನ್ನೂ ಕೊಡುತ್ತದೆ. ನಡುಗಂಬವನ್ನು ತೆಗೆದು ಮನೆಯನ್ನು ನಿಲ್ಲಿಸಲಾಗದು.

ಸವೆತದ ದಿಕ್ಕೂ ಇದನ್ನೇ ಹೇಳುತ್ತದೆ. ‘ಹಾಕುವುದಿಲ್ಲ’ ಎಂಬುದು ಆಡುಮಾತಿನಲ್ಲಿ ‘ಹಾಕೋದಿಲ್ಲ’, ‘ಹಾಕೋಲ್ಲ’, ‘ಹಾಕಲ್ಲ’ ಎಂದು ಕಿರಿದಾಗುತ್ತದೆ. ಪ್ರತಿ ಹಂತದಲ್ಲೂ ಸವೆಯುವುದು ಕೃದಂತದ ಭಾಗ, ಕೊನೆಯ ದ್ವಿತ್ವ ಲಕಾರ ಹಾಗೆಯೇ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮೊದಲು ಅಳಿಯುವ ಅಂಶ ಕನ್ನಡದಲ್ಲಿ ಕೊನೆಯವರೆಗೂ ಉಳಿಯುತ್ತದೆ.

ಕನ್ನಡ ನಿಷೇಧಕ್ಕೆ ಯಾವಾಗಲೂ ಪ್ರತ್ಯೇಕ ಪದ ಬೇಕು ಎಂದು ಇದರಿಂದ ತೀರ್ಮಾನಿಸಬಾರದು. ಹಳಗನ್ನಡದ ‘ನೋಡೆಂ’, ‘ನೋಡಂ’ ಎಂಬ ಪ್ರತಿಷೇಧ ಕ್ರಿಯೆಗಳಲ್ಲಿ ಕಾಲಪ್ರತ್ಯಯವಿಲ್ಲದೆ ಧಾತುವಿಗೆ ನೇರವಾಗಿ ಆಖ್ಯಾತಪ್ರತ್ಯಯ ಹತ್ತುತ್ತದೆ, ನಿಷೇಧವನ್ನು ಹೇಳುವ ಬಿಡಿ ಅಂಶ ಮೇಲ್ನೋಟಕ್ಕೆ ಕಾಣುವುದಿಲ್ಲ. ‘ಹಾಕೆನು’, ‘ಹಾಕನು’ ಎಂಬ ಹೊಸಗನ್ನಡದ ಗ್ರಾಂಥಿಕ ರೂಪಗಳು ಅದರ ಮುಂದುವರಿಕೆ. ಅಲ್ಲಿ ನಿಷೇಧಾರ್ಥ ಕ್ರಿಯಾರೂಪದ ಇಡೀ ಅಚ್ಚಿನಲ್ಲಿದೆ. ಕಾಣುವ ನಿಷೇಧಪದವಿಲ್ಲದೆ ನಿಷೇಧವಿರಬಹುದು ಎಂಬುದು ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಅಚ್ಚರಿಯ ಸಂಗತಿಯಾಗಬೇಕಿಲ್ಲ.

6. ‘ಡೋಂಟ್ ಕೇರ್’: ಕನ್ನಡಿಯಲ್ಲಿ ಕಂಡ ಬಿಂಬ

‘ಕೇರ್’ ಕನ್ನಡಕ್ಕೆ ಎರಡು ದಾರಿಗಳಲ್ಲಿ ಬಂದಿದೆ.

(18) ಅವನು ಯಾರನ್ನೂ ಕೇರ್ ಮಾಡುವುದಿಲ್ಲ.
(19) ಅವನದು ಡೋಂಟ್ ಕೇರ್ ಸ್ವಭಾವ.
(20) ಯಾರು ಏನೆಂದರೂ ಅವಳು ಡೋಂಟ್ ಕೇರ್.

(18)ರಲ್ಲಿ ‘ಕೇರ್’ ಎರವಲು ಪದ, ನಿಷೇಧ ಕನ್ನಡದ್ದು. (19) ಮತ್ತು (20)ರಲ್ಲಿ ಇಂಗ್ಲಿಷಿನ ನಿಷೇಧವೂ ಜೊತೆಗೇ ಬಂದು, ಇಡೀ ‘ಡೋಂಟ್ ಕೇರ್’ ಒಂದೇ ಗುಣವಾಚಕ ಪದವಾಗಿ ಹೆಪ್ಪುಗಟ್ಟಿದೆ. ಇಂಗ್ಲಿಷಿನಲ್ಲಿ ‘ಅವಳು’ ಎಂಬ ಕರ್ತೃವಿಗೆ ‘ಡಸಂಟ್’ ಬರಬೇಕಿತ್ತು, ಆದರೆ ಕನ್ನಡಿಗರ ಬಾಯಲ್ಲಿ ‘ಡೋಂಟ್’ ಬದಲಾಗುವುದಿಲ್ಲ. ‘ಅವನು ಅಷ್ಟೊಂದು ಡೋಂಟ್ ಕೇರ್ ಅಲ್ಲ’ ಎಂದಾಗ ‘ಅಲ್ಲ’ ಅಲ್ಲಗಳೆಯುವುದು ಉದಾಸೀನವನ್ನು. ಎರಡು ನಿಷೇಧಗಳ ಗುಣಾಕಾರವನ್ನು ಯಾರೂ ಮಾಡುವುದಿಲ್ಲ.

ಈಗ ಎರಡು ಭಾಷೆಗಳ ರೂಪಗಳನ್ನು ಅಕ್ಕಪಕ್ಕದಲ್ಲಿ ಇಡೋಣ. ಅಮೆರಿಕದ ‘ಕುಡ್ ಕೇರ್ ಲೆಸ್’ ರೂಪದಲ್ಲಿ ನಿಷೇಧಪದ ಕಾಣೆಯಾಗಿದೆ, ನಿಷೇಧಾರ್ಥ ಉಳಿದಿದೆ. ಕನ್ನಡದ ‘ಡೋಂಟ್ ಕೇರ್’ ರೂಪದಲ್ಲಿ ನಿಷೇಧಪದ ಉಳಿದಿದೆ, ಆದರೆ ಅದರ ವ್ಯಾಕರಣಕಾರ್ಯ ನಿಂತುಹೋಗಿದೆ. ಒಂದು ಇನ್ನೊಂದರ ಕನ್ನಡಿಬಿಂಬ. ಎರಡಕ್ಕೂ ಕಾರಣ ಒಂದೇ: ನುಡಿಗಟ್ಟು ಹೆಪ್ಪುಗಟ್ಟಿದಾಗ ನಿಷೇಧಾರ್ಥ ಬಿಡಿಪದವನ್ನು ಬಿಟ್ಟು ಸಮಗ್ರ ರೂಪಕ್ಕೆ ಸೇರುತ್ತದೆ. ಆಮೇಲೆ ಆ ಪದ ಉಳಿದೀತೇ ಅಳಿದೀತೇ ಎಂಬುದನ್ನು ನಿರ್ಧರಿಸುವುದು ಆಯಾ ಭಾಷೆಯ ಧ್ವನಿ ಮತ್ತು ವಾಕ್ಯರಚನೆ. ಇಂಗ್ಲಿಷಿನಲ್ಲಿ ಅದು ಒತ್ತಿಲ್ಲದ, ಕಳಚಬಹುದಾದ ಅಂಶವಾದ್ದರಿಂದ ಅಳಿಯಿತು. ಕನ್ನಡದ ಎರವಲಿನಲ್ಲಿ ಅದು ಪದದ ಮೊದಲ ಅಕ್ಷರವಾದ್ದರಿಂದ ಉಳಿಯಿತು. ‘ಸೊಪ್ಪು ಹಾಕುವುದಿಲ್ಲ’ ಎಂಬಲ್ಲಿ ವಾಕ್ಯದ ಸಮಾಪ್ತಿಯೇ ಅದರ ಮೇಲೆ ನಿಂತಿರುವುದರಿಂದ ಇಂದಿಗೂ ಕಾರ್ಯನಿರತವಾಗಿದೆ.

7. ಅನುವಾದಕ್ಕೆ ಮತ್ತು ಬೋಧನೆಗೆ

ಈ ನುಡಿಗಟ್ಟನ್ನು ಪದಶಃ ಕನ್ನಡಿಸಿದರೆ ಏನಾಗುತ್ತದೆಂದು ಪರೀಕ್ಷಿಸಬಹುದು. (1)ನ್ನು ‘ನಾನು ಇದಕ್ಕಿಂತ ಕಡಿಮೆ ಕಾಳಜಿ ವಹಿಸಲಾರೆ’ ಎಂದರೆ, ಕಾಳಜಿಯಲ್ಲಿ ಕೊರತೆಯಾಗಲು ಬಿಡೆನು ಎಂಬ ಭರವಸೆಯಂತೆ ಕೇಳಿಸುತ್ತದೆ. (10)ನ್ನು ‘ಇದಕ್ಕಿಂತ ಕಡಿಮೆ ಕಾಳಜಿ ವಹಿಸಬಲ್ಲೆ’ ಎಂದರೆ ಬೆದರಿಕೆಯಾಗುತ್ತದೆ. ಇಂಗ್ಲಿಷಿನ ‘ಕೇರ್’ ಮನಸ್ಸಿನ ಸ್ಥಿತಿಯನ್ನು ಹೇಳಿದರೆ ‘ಕಾಳಜಿ ವಹಿಸು’ ಎಂಬುದು ಕರ್ತೃವಿನ ಕಾರ್ಯವನ್ನು ಹೇಳುತ್ತದೆ, ‘ಆರೆ’, ‘ಬಲ್ಲೆ’ ಎಂಬ ರೂಪಗಳು ಅವನ ಶಕ್ತಿಯನ್ನು ಹೇಳುತ್ತವೆ. ಸ್ಥಿತಿಯನ್ನು ಹೇಳಬೇಕಾದಾಗ ಕನ್ನಡ ಚತುರ್ಥಿ ವಿಭಕ್ತಿಯನ್ನು ಆಶ್ರಯಿಸುತ್ತದೆ: ‘ನನಗೆ ಪರಿವೆಯಿಲ್ಲ’, ‘ನನಗೇನು?’, ‘ಅವಳಿಗೆ ಗೊಡವೆಯಿಲ್ಲ’. ಎರಡೂ ಇಂಗ್ಲಿಷ್ ರೂಪಗಳಿಗೆ ಅನುವಾದ ಇಂಥದೊಂದೇ ಆಗಬೇಕು. ನಿಷೇಧಪದ ಮೂಲದಲ್ಲಿ ಇದೆಯೋ ಇಲ್ಲವೋ ಎಂದು ನೋಡಿ ಅನುವಾದಿಸುವವರು (13)ರಂಥ ವಾಕ್ಯದಲ್ಲಿ ಬೇಜವಾಬ್ದಾರಿಯ ವ್ಯವಸ್ಥಾಪಕನನ್ನು ಜವಾಬ್ದಾರನನ್ನಾಗಿ ಮಾಡಿಬಿಡುತ್ತಾರೆ. ಸಾಕ್ಷ್ಯದ ಹೇಳಿಕೆಯಲ್ಲಿ ಅಂಥ ತಪ್ಪಿನ ಬೆಲೆ ಸಣ್ಣದಲ್ಲ.

ತರಗತಿಯಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹೇಳುವುದು ಒಳ್ಳೆಯದು. ಬರೆಯುವಾಗ, ಅದರಲ್ಲೂ ಔಪಚಾರಿಕ ಬರವಣಿಗೆಯಲ್ಲಿ, ನಿಷೇಧಸಹಿತ ರೂಪವೇ ಸುರಕ್ಷಿತ. ಬ್ರಿಟಿಷ್ ಓದುಗರಿಗೆ ಇನ್ನೊಂದು ರೂಪ ತಪ್ಪೆಂದೇ ತೋರಬಹುದು. ಓದುವಾಗ ಮತ್ತು ಕೇಳುವಾಗ ಎರಡನ್ನೂ ಒಂದೇ ಅರ್ಥದಲ್ಲಿ ಗ್ರಹಿಸಬೇಕು. ಮೊದಲನೆಯದು ಶಿಷ್ಟಬಳಕೆಯ ಸಲಹೆ, ಎರಡನೆಯದು ಭಾಷೆಯ ವಾಸ್ತವ. ಇವೆರಡನ್ನೂ ಬೆರೆಸಿ ‘ಆ ರೂಪಕ್ಕೆ ಅರ್ಥವೇ ಇಲ್ಲ’ ಎಂದು ಕಲಿಸಿದರೆ, ವಿದ್ಯಾರ್ಥಿ ಆಡುವವರ ಮಾತನ್ನು ತಪ್ಪಾಗಿ ಅರ್ಥಮಾಡಿಕೊಳ್ಳಲು ನಾವೇ ಕಲಿಸಿದಂತಾಗುತ್ತದೆ. ಇಂಗ್ಲಿಷ್–ಕನ್ನಡ ನಿಘಂಟುಗಳು ಎರಡು ರೂಪಗಳನ್ನೂ ‘ಕೇರ್’ ಎಂಬ ಉಲ್ಲೇಖದ ಅಡಿಯಲ್ಲಿ ಒಟ್ಟಿಗೆ ಕೊಟ್ಟು, ಅರ್ಥ ಒಂದೇ ಎಂದೂ ಎರಡನೆಯದು ಅಮೆರಿಕದ ಆಡುಬಳಕೆ ಎಂದೂ ಗುರುತಿಸುವುದು ಯುಕ್ತ.

8. ಉಪಸಂಹಾರ

‘ಕುಡ್ ಕೇರ್ ಲೆಸ್’ ರೂಪವನ್ನು ತರ್ಕದ ಸೋಲೆಂದು ಕಾಣುವವರು, ನಿಷೇಧ ಎಂದರೆ ನಿಷೇಧಪದ ಎಂದು ಭಾವಿಸಿರುತ್ತಾರೆ. ಆ ರೂಪ ತನ್ನ ಕುಟುಂಬದ ಬೇರೆ ವಾಕ್ಯಗಳಂತೆ ವರ್ತಿಸದಿರುವುದು, ಉಪವಾಕ್ಯದೊಳಗೂ ತಡೆಯಿಲ್ಲದೆ ತಿಳಿಯುವುದು, ಉದಾಸೀನದ ಬೇರೊಂದು ನುಡಿಗಟ್ಟಿಗೆ ಹರಡಿರುವುದು, ಈ ಮೂರೂ ನಿಷೇಧಾರ್ಥ ರಚನೆಯಲ್ಲಿ ನೆಲೆಸಿದೆ ಎಂಬುದನ್ನು ತೋರಿಸುತ್ತವೆ. ಕನ್ನಡದ ರೂಪಗಳು ಇದಕ್ಕೆ ಒಂದು ಮಿತಿಯನ್ನೂ ಸೂಚಿಸುತ್ತವೆ: ನಿಷೇಧಪದ ವಾಕ್ಯದ ಸಮಾಪಕ ಸ್ಥಾನದಲ್ಲಿದ್ದರೆ ಅದು ಹೀಗೆ ಬೀಳಲಾರದು. ಈ ಮಿತಿ ತಮಿಳು, ತೆಲುಗು, ಮಲಯಾಳಂ ಮತ್ತು ತುಳು ಭಾಷೆಗಳ ಉದಾಸೀನದ ನುಡಿಗಟ್ಟುಗಳಿಗೂ ಅನ್ವಯಿಸಬೇಕೆಂದು ನಮ್ಮ ವಿಶ್ಲೇಷಣೆ ನಿರೀಕ್ಷಿಸುತ್ತದೆ. ಸಮಾಪಕ ನಿಷೇಧವನ್ನು ಕಳೆದುಕೊಂಡೂ ಅರ್ಥವನ್ನು ಉಳಿಸಿಕೊಂಡ ಒಂದು ನುಡಿಗಟ್ಟು ಈ ಭಾಷೆಗಳಲ್ಲಿ ಸಿಕ್ಕರೂ ಇಲ್ಲಿ ಮಂಡಿಸಿದ ಕಾರಣವನ್ನು ಪುನರ್ವಿಮರ್ಶಿಸಬೇಕಾಗುತ್ತದೆ. ದ್ರಾವಿಡ ಭಾಷೆಗಳಲ್ಲಿ ಕೆಲಸ ಮಾಡುತ್ತಿರುವ ಸಂಶೋಧಕರು ತಂತಮ್ಮ ಭಾಷೆಯ ಆಡುಮಾತಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು.